ಹಜಾರದ ಒಂದೇ ಮೊಳೆ

ಬಾಡಿಗೆಗೆ ಮನೆ ಹುಡುಕುವವರು ಎಷ್ಟು ಕೋಣೆ, ಎಷ್ಟು ಹೊತ್ತು ನೀರು ಎಂದು ಕೇಳುತ್ತಾರೆ. ಎಷ್ಟು ಮೊಳೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ಅದರ ಫಲ ಇವತ್ತಿಗೂ ಉಣ್ಣುತ್ತಿದ್ದೇನೆ. ಆರ್.ಟಿ. ನಗರದ ಈ ಮನೆಗೆ ಬಂದ ದಿನವೇ ಮಾಲೀಕರಾದ ವಹಾಬ್ ಸಾಹೇಬರು ಹಜಾರದ ಗೋಡೆಯನ್ನು ಮಗುವಿನ ಕೆನ್ನೆ ಸವರಿದ ಹಾಗೆ ಸವರಿ, "ನೋಡಿ ಸಾರ್, ಒಂದು ಮೊಳೆ ನಾನೇ ಹೊಡೆದು ಕೊಟ್ಟಿದೀನಿ. ಎರಡನೇದು ಹೊಡೆದ್ರೆ ಮನೆ ಖಾಲಿ ಮಾಡ್ಬೇಕು" ಎಂದಿದ್ದರು.

ಆ ಏಕಮೇವಾದ್ವಿತೀಯ ಮೊಳೆಗೆ ನಾನು ನೇತುಹಾಕಿದ್ದು ಬಿತ್ತನೆಯ ಕೂರಿಗೆಯ ಜಾಹೀರಾತಿರುವ ಒಂದು ಹಳೆಯ ತಗಡಿನ ಬೋರ್ಡು. ಬೇಸಾಯದ ಸಾಮಾನುಗಳ ಹಳೆಯ ಜಾಹೀರಾತು ಕೂಡಿಹಾಕುವುದು ನನ್ನ ಹವ್ಯಾಸ. (ನನ್ನ ಹೆಂಡತಿ ರತ್ನಾ ಇದಕ್ಕೆ ಬಳಸುವ ಪದ ಬೇರೆ. ಮರ್ಯಾದಸ್ಥರು ಓದುವ ಬರಹ, ಬಿಟ್ಟಿದ್ದೇನೆ.) ಪಂಪ್‌ಸೆಟ್ಟಿನ ಕ್ಯಾಲೆಂಡರು, ಟ್ರ್ಯಾಕ್ಟರಿನ ಬಣ್ಣದ ಹಾಳೆ, ಗೊಬ್ಬರದವರು ಹಂಚಿದ ಕೀಚೈನು, ಎಲ್ಲವೂ ಮಂಚದ ಕೆಳಗಿವೆ. ನಾನೋ ಗದಗಿನ ಕಡೆಯ ಮೇಷ್ಟ್ರ ಮಗ, ಹೆಬ್ಬಾಳದ ಒಂದು ಕಚೇರಿಯಲ್ಲಿ ಗುಮಾಸ್ತ. ಕುಂಡದಲ್ಲಿ ಕೊತ್ತಂಬರಿ ಸೊಪ್ಪನ್ನೂ ಬೆಳೆದವನಲ್ಲ.

"ಏನ್ರೀ, ಲಗ್ನ ಆಗಿ ಹನ್ನೆರಡು ವರ್ಷಾತು" ಎಂದು ರತ್ನಾ ವಾರಕ್ಕೊಮ್ಮೆ ಶುರುಮಾಡುತ್ತಿದ್ದಳು. "ಮೂರು ಮಕ್ಕಳಾದುವು. ಎಲ್ಲಾರೂ ಕೂಡಿ ತಗಿಸಿದ್ದು ಒಂದರ ಫೋಟೋ ಐತೇನು? ಮಂದಿ ಮನ್ಯಾಗ ಗ್ವಾಡಿ ಮ್ಯಾಲೆ ಮನಿ ಮಂದಿ ಇರ್ತಾರ. ನಮ್ಮನ್ಯಾಗ ಕೂರಿಗಿ!"

"ಕೂರಿಗಿ ಇಲ್ಲಂದ್ರ ಅನ್ನ ಎಲ್ಲಿಂದ ಬರ್ತೈತಿ?"

"ರೇಷನ್ ಅಂಗಡಿಯಿಂದ ಬರ್ತೈತಿ. ಸಾಲಿನ್ಯಾಗ ನಿಲ್ಲಾಕಿ ನಾನು!"

ಹೀಗಿರುವಾಗ, ಎಪ್ಪತ್ತೆಂಟನೇ ಇಸವಿಯಲ್ಲಿ, ಕಚೇರಿ ಕೆಲಸದ ಮೇಲೆ ಅಟ್ಟೂರಿಗೆ ಹೋದವನಿಗೆ ಸಾಕ್ಷಾತ್ಕಾರವಾಯಿತು. ಮುನಿಯಣ್ಣ ಎಂಬ ರೈತನ ಕೊಟ್ಟಿಗೆಯ ಗೋಡೆಯ ಮೇಲೆ ಆಳೆತ್ತರದ ಬಣ್ಣದ ಚಿತ್ರ! ರುಮಾಲಿನ ರೈತ, ಮೀಸೆ, ಎರಡು ಕೊಕ್ಕರೆ. ಕೆಳಗೆ, "ಜೋಡಿ ಕೊಕ್ಕರೆ ಮಾರ್ಕಿನ ಕಬ್ಬಿಣದ ನೇಗಿಲು. ಎತ್ತಿಗೆ ಹಗುರ, ಬಾಳಿಕೆ ಅಜರಾಮರ." ನಲವತ್ತು ವರ್ಷದ ಮಳೆ ಬಿಸಿಲಿಗೂ ಜಗ್ಗದ ಕೊಕ್ಕರೆಗಳು. ನನ್ನ ಕಣ್ಣು ತುಂಬಿ ಬಂತು. ಗೋಡೆಯನ್ನು ಮಂಚದ ಕೆಳಗೆ ತಳ್ಳುವಂತಿಲ್ಲ. ಫೋಟೋ ತೆಗೆದು, ದೊಡ್ಡದು ಮಾಡಿಸಿ, ಕೂರಿಗೆಯನ್ನು ಇಳಿಸಿ ಆ ಮೊಳೆಗೆ ಹಾಕುವುದೆಂದು ಅಲ್ಲೇ ಸಂಕಲ್ಪ ಮಾಡಿದೆ.

"ಮುನಿಯಣ್ಣ, ಬರೋ ಭಾನುವಾರ ಕ್ಯಾಮೆರಾ ತರ್ತೀನಿ. ನಿಮ್ಮ ಗೋಡೆ ಸಾಮಾನ್ಯ ಅಲ್ಲ, ಇತಿಹಾಸ!" ಎಂದೆ. ಮುನಿಯಣ್ಣ ಕೈಮುಗಿದ.

ಕ್ಯಾಮೆರಾ ಕೊಟ್ಟವರು ಸಹೋದ್ಯೋಗಿ ವೆಂಕಟರಾಮಯ್ಯ. ಹೊಟ್ಟೆಗೆ ಆನಿಸಿಕೊಂಡು, ತಲೆ ಬಗ್ಗಿಸಿ ಮೇಲಿನಿಂದ ಇಣುಕಬೇಕಾದ ಡಬ್ಬಿ ಕ್ಯಾಮೆರಾ. "ರೋಲಲ್ಲಿ ಹನ್ನೊಂದು ನಮ್ಮ ಷಡ್ಡಕನ ಮಗನ ಮುಂಜಿಗೆ ಮುಗಿದಿದೆ. ಒಂದೇ ಉಳಿದಿರೋದು. ಬಿಸಿಲು ಬೆನ್ನಿಗಿರ್ಬೇಕು, ಮರೀಬೇಡಿ ಕಣ್ರೀ" ಎಂದರು.

ಒಂದೇ ಮೊಳೆ, ಒಂದೇ ಫೋಟೋ. ಮನೆಯಲ್ಲಿ ಕುರುಕ್ಷೇತ್ರ ನಡೆಯಲು ಇನ್ನೇನು ಬೇಕು?

"ಆ ಒಂದು ನಮ್ದು ತಗೀರಿ. ಹೂಂ ಅನ್ರಿ" ಎಂದಳು ರತ್ನಾ.

"ಹುಚ್ಚಿ, ನಾವು ಎಲ್ಲಿಗೆ ಹೋಗ್ತೀವಿ? ಆ ಗ್ವಾಡಿ ಇವತ್ತು ಐತಿ, ನಾಳೆ ಬೀಳ್ತೈತಿ!"

"ಬೀಳೂ ಗ್ವಾಡಿಗಿರೂ ಬೆಲಿ ನನಗಿಲ್ಲ" ಎಂದಳು. ಭಾನುವಾರ ಬೆಳಿಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು, ಮೂವರು ಮಕ್ಕಳಿಗೂ ಎಣ್ಣೆ ಹಚ್ಚಿ ಬಾಚಿ, ಬಾಗಿಲಲ್ಲಿ ನಿಂತಿದ್ದಳು. "ನಮ್ಮ ಸವತಿ ಗ್ವಾಡಿ ಎಷ್ಟು ಚೆಂದೈತಿ ನೋಡೂಣು ನಡೀರಿ."

ಯಲಹಂಕದಲ್ಲಿ ಬಸ್ಸಿಳಿದು ನಡೆದೆವು. ಕೊಟ್ಟಿಗೆ ಕಾಣುವ ತಿರುವಿನಲ್ಲಿ ನಾನು ಗಕ್ಕನೆ ನಿಂತೆ.

ಗೋಡೆ ಬೆಳ್ಳಗಿತ್ತು. ನೀಲಿ ಬೆರೆಸಿದ ಸುಣ್ಣದಲ್ಲಿ ಹಾಲಿನ ಹಾಗೆ ಹೊಳೆಯುತ್ತಿತ್ತು. ಮೇಲೆ ಮಾವಿನ ತೋರಣ. ಮುಂದೆ ಮುನಿಯಣ್ಣನ ಸಮಸ್ತ ಕುಟುಂಬ, ಎಣಿಸಿ ಹತ್ತೊಂಬತ್ತು ಜನ, ಮದುವೆಯ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು.

"ಬನ್ನಿ ಸ್ವಾಮಿ, ಒತ್ತಾರೆಯಿಂದ ಕಾಯ್ತಾ ಇವ್ನಿ!" ಎಂದ ಮುನಿಯಣ್ಣ. "ಇತಿಆಸ ಅಂದ್ರಲ್ಲ, ಅದುಕ್ಕೇ ಎಲ್ಡು ಪಟ್ಟು ಸುಣ್ಣ ಒಡ್ಸಿದೀನಿ. ಆ ಅಳೇ ಗಲೀಜೆಲ್ಲಾ ಓಯ್ತು. ಎಂಗದೆ?"

ನನಗೆ ನಿಜವಾಗಿಯೂ ಅಳು ಬಂತು. ಆನಂದಬಾಷ್ಪ ಎಂದುಕೊಂಡು ಅವನೂ ಕಣ್ಣೊರೆಸಿಕೊಂಡ.

ಇಲ್ಲ ಎನ್ನುವುದು ಹೇಗೆ? ಮಂಚದ ಸಮೇತ ಹೊರತಂದಿದ್ದ ಅವನ ಮುದಿ ತಾಯಿ ಆ ವಯಸ್ಸಿನವರೆಗೆ ಒಂದು ಫೋಟೋ ಕಂಡವಳಲ್ಲವಂತೆ. ಹಲ್ಲಿಲ್ಲದ ಬಾಯಿ ಬಿಗಿಯಾಗಿ ಮುಚ್ಚಿ ಕೂತಿದ್ದಳು. ಅಷ್ಟರಲ್ಲಿ ಮುನಿಯಣ್ಣನ ಹೆಂಡತಿ ಮುನಿಕೆಂಪಮ್ಮ, "ಅಯ್ಯೋ, ನೀವ್ಯಾಕಕ್ಕ ಬಿಸ್ಲಲ್ಲಿ? ಮನೆಗ್ಬಂದೋರು ಮದ್ಯದಾಗೆ ಕೂತ್ಕಳಿ" ಎಂದು ರತ್ನಾಳ ಕೈಹಿಡಿದು ಎಳೆದೇಬಿಟ್ಟಳು. ಮಕ್ಕಳು ಕರೆಯುವ ಮೊದಲೇ ನುಗ್ಗಿದರು. ಒಂದು ಕರುವೂ ಬಂತು.

ಬಿಸಿಲಿಗೆ ಬೆನ್ನು ಕೊಟ್ಟು, ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಗುಂಡಿ ಒತ್ತಿದೆ. ಟಿಕ್ ಎಂದಿತು. ನಲವತ್ತು ವರ್ಷದ ಕೊಕ್ಕರೆಗಳು ಹಾರಿಹೋದವು.

ವಾರದಲ್ಲಿ ಫೋಟೋ ಬಂತು. ರತ್ನಾ ನನ್ನನ್ನು ಕೇಳಲೂ ಇಲ್ಲ. ಎರಡು ಪ್ರತಿ ದೊಡ್ಡದು ಮಾಡಿಸಿ, ಒಂದನ್ನು ಅಟ್ಟೂರಿಗೆ ಕಳಿಸಿ, ಇನ್ನೊಂದಕ್ಕೆ ಕಟ್ಟು ಹಾಕಿಸಿ ಮೊಳೆಗೆ ಏರಿಸಿದಳು. ಕೂರಿಗೆಯ ಬೋರ್ಡು ಈಗ ಬಚ್ಚಲ ಡ್ರಮ್ಮಿನ ಮುಚ್ಚಳ. ಅಳತೆ ತೆಗೆದು ಮಾಡಿಸಿದಂತೆ ಕೂತಿದೆ ಎಂಬುದು ನನಗಿನ್ನೂ ಸಂಕಟ. ಯಾರೂ ಇಲ್ಲದಾಗ ಸ್ಟೂಲು ಹತ್ತಿ, ಸುಣ್ಣದ ಸಂದಿಯಲ್ಲಿ ಒಂದು ಕೊಕ್ಕಾದರೂ ಇಣುಕೀತೇ ಎಂದು ಭೂತಗನ್ನಡಿ ಹಿಡಿದು ಹುಡುಕುತ್ತೇನೆ.

ತಿಂಗಳ ಮೊದಲಲ್ಲಿ ಬಂದ ವಹಾಬ್ ಸಾಹೇಬರು ಫೋಟೋ ಮುಂದೆ ನಿಂತರು. "ವಾಹ್! ಅಮ್ಮಾವ್ರು, ಮಕ್ಕಳು, ದನಕರು, ಎಲ್ಲಾ ಚೆನ್ನಾಗಿ ಬಂದಿದೆ. ಇದೇನಮ್ಮ ಕೆಳಗೆ, ಕಪ್ಪಗೆ?"

"ನೆಳ್ಳು ರೀ ಸಾಹೇಬ್ರ" ಎಂದಳು ರತ್ನಾ, ಸೆರಗಿನಿಂದ ಗಾಜು ಒರೆಸುತ್ತ. "ತಲಿ ತಗ್ಗಿಸಿ ನಿಂತಾರಲ್ಲ, ಅವರ ನಮ್ಮನಿಯವರು."

ಸಾಹೇಬರ ಮುಖ ಅರಳಿದ್ದು ಕಂಡು, ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. "ಸಾಹೇಬ್ರೆ, ನಂದೊಂದು ಸಣ್ಣ ಬೋರ್ಡಿದೆ. ಇನ್ನೊಂದೇ ಒಂದು ಮೊಳೆ..."

ಅವರು ಫೋಟೋದ ಕೆಳಗಿನ ನೆರಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಇನ್ನೊಂದು ಯಾಕೆ ಸಾರ್? ನೀವೂ ಇದ್ರಲ್ಲೇ ಬಂದ್ಬಿಟ್ಟಿದೀರಲ್ಲ!"