ಬೇವಿನ ಕೊಂಬೆಗೊಂದು ಸುರಕ್ಷಿತ ಗರಗಸ

ಎರಡು ಆಧಾರಗಳು ಒಂದನ್ನೊಂದು ಸಮರ್ಥಿಸದ ಹೊರತು ಯಾವ ಕಾಲನಿರ್ಣಯವನ್ನೂ ಒಪ್ಪಬಾರದೆಂಬುದು ವೃತ್ತಿ ನನಗೆ ಕಲಿಸಿದ ಶಿಸ್ತು. ಶಾಸನದ ಶಕವರ್ಷ ಅದರ ಸಂವತ್ಸರಕ್ಕೆ ಹೊಂದದಿದ್ದರೆ ವಾರ, ತಿಥಿಗಳನ್ನು ಹಿಡಿದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತ ಕುಳಿತವನು ನಾನು. ನಿವೃತ್ತಿಯಾದ ಮೇಲೆ ಶಾಸನಗಳು ನನ್ನನ್ನು ಬಿಟ್ಟವು, ಶಿಸ್ತು ಬಿಡಲಿಲ್ಲ. ಒಮ್ಮೆ ಮದುವೆಯ ಕರೆಯೋಲೆಯಲ್ಲಿ ವಾರ ತಪ್ಪಿದ್ದನ್ನು ಪತ್ತೆಹಚ್ಚಿ ವರನ ತಂದೆಗೆ ಸವಿವರವಾಗಿ ಪತ್ರ ಬರೆದೆ. ಅವರು ಮೊಮ್ಮಗನ ನಾಮಕರಣಕ್ಕೆ ನಮ್ಮನ್ನು ಕರೆಯಲಿಲ್ಲ.

ಬಳ್ಳಾರಿಯ ಗಾಂಧಿನಗರದ ನಮ್ಮ ಹಿತ್ತಿಲಲ್ಲೊಂದು ಬೇವಿನ ಮರವಿದೆ. ಅದರ ಒಣಕೊಂಬೆಯೊಂದು ಬಟ್ಟೆ ಒಗೆಯುವ ಕಲ್ಲಿನ ನೇರಕ್ಕೆ ಬಾಗಿತ್ತು. ನನ್ನ ಹೆಂಡತಿ ಗಂಗಮ್ಮ ದಿನವೂ ಅದರಡಿಯಲ್ಲೇ ನಿಲ್ಲುವುದನ್ನು ಕಿಟಕಿಯಿಂದ ಕಂಡಾಗಲೆಲ್ಲ ಕೂಗಿ ಎಚ್ಚರಿಸುತ್ತಿದ್ದೆ. ಅಲ್ಲಿ ಹೋಗಬೇಡವೆಂದರೆ, "ಶಾಸನ ಬರಸಿದ ರಾಜ ಬರ್ತಾನೇನ್ರಿ ನಿಮ್ಮ ಪಂಚಿ ಒಗಿಯಾಕ?" ಎನ್ನುವಳು. ಕುರುಗೋಡಿನಲ್ಲಿ ಬೇಸಾಯ ಮಾಡುವ ಅವಳ ತಮ್ಮ ಈರಣ್ಣ ಮರ ಹತ್ತುವುದರಲ್ಲಿ ನುರಿತವನು. ಆದರೆ ಅವನ ಭತ್ತದ ಕೊಯ್ಲು ಮುಗಿಯುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಮನೆಬಳಕೆಗೆ ಸುರಕ್ಷಿತವಾದ ಚೈನ್ ಗರಗಸವೊಂದನ್ನು ಕೊಂಡು ನಾನೇ ಕೊಂಬೆಯನ್ನು ಇಳಿಸುವುದೆಂದು ನಿಶ್ಚಯಿಸಿದೆ.

ಅಧ್ಯಯನ ಆರಂಭವಾಯಿತು. ಪೆಟ್ರೋಲಿನದು ಭಾರ, ಗದ್ದಲವೂ ಹೆಚ್ಚು. ಮನೆಗೆ ಕರೆಂಟಿನದೇ ಸಾಕು. ಹಲ್ಲುಸರಪಳಿ ಸುತ್ತುವ ಪಟ್ಟಿಯ ತುದಿ ಮರದ ಗಂಟಿಗೆ ತಾಗಿದರೆ ಯಂತ್ರ ಮುಖದತ್ತ ಚಿಮ್ಮುತ್ತದೆ. ಆ ಕ್ಷಣವೇ ಸರಪಳಿಯನ್ನು ತಡೆಯುವ ಬ್ರೇಕ್ ಇರಲೇಬೇಕು. ಇಷ್ಟನ್ನು ಅಡಿಟಿಪ್ಪಣಿಸಹಿತ ಬರೆದುಕೊಂಡು ಬಳ್ಳಾರಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಪ್ರತಿ ಸಲ ಹೊರಟಾಗಲೂ ಗಂಗಮ್ಮ ಬಾಗಿಲಿಗೆ ಬಂದು, "ತಯಾರಾದ ತಾರೀಖು ಸರಿಯಾಗಿ ನೋಡ್ರಿ ಮತ್ತ, ಹಳೇದು ಕೊಟ್ಟಾರು" ಎಂದು ಎಚ್ಚರಿಸುತ್ತಿದ್ದಳು. ಇಷ್ಟು ವರ್ಷಗಳ ಸಹವಾಸದಲ್ಲಿ ಕೊನೆಗೂ ಅವಳಿಗೆ ಸಂಶೋಧನೆಯ ರುಚಿ ಹತ್ತಿತೆಂದು ಹಿಗ್ಗಿದೆ.

ಸಿರುಗುಪ್ಪದವರೆಗೂ ಬಸ್ಸಿನಲ್ಲಿ ಹೋದೆ. ಅಲ್ಲಿ ಯಂತ್ರದ ಮೈಮೇಲಿದ್ದ ತಿಂಗಳಿಗಿಂತ ಡಬ್ಬದ ಮೇಲಿದ್ದ ತಿಂಗಳು ಹಿಂದಿನದಾಗಿತ್ತು. "ಇದು ಹುಟ್ಟುವ ಮೊದಲೇ ಡಬ್ಬದೊಳಗೆ ಹೋದದ್ದು ಹೇಗೆ?" ಎಂದು ವಿಚಾರಿಸಿದೆ.

"ಸರ, ನೀವು ಕಟಿಗಿ ಕೊಯ್ಯಾಕ ಬಂದೀರೋ, ಇದರ ಜಾತಕ ಬರಿಯಾಕ ಬಂದೀರೋ?" ಎಂದರು ಅಂಗಡಿಯವರು.

ಎರಡು ತಿಂಗಳ ಮೇಲೆ, ಡಬ್ಬ, ಯಂತ್ರ, ಖಾತರಿ ಚೀಟಿ ಮೂರೂ ಒಂದೇ ಸಾಕ್ಷ್ಯ ನುಡಿಯುವ ಗರಗಸವೊಂದು ಬಳ್ಳಾರಿಯಲ್ಲೇ ದೊರೆಯಿತು. ಮನೆಗೆ ತಂದು ಕೈಪಿಡಿ ಓದಿದೆ. ಏಣಿಯ ಮೇಲೆ ನಿಂತು ಬಳಸಕೂಡದು; ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಕೂಡದು. ಕೊಂಬೆಯೋ ಎರಡಾಳೆತ್ತರದಲ್ಲಿತ್ತು. ನಾನು ಆರಿಸಿದ ಯಂತ್ರ ನನ್ನ ಕೆಲಸವೊಂದನ್ನುಳಿದು ಮಿಕ್ಕೆಲ್ಲಕ್ಕೂ ಸುರಕ್ಷಿತವಾಗಿತ್ತು.

ಆದರೂ ಮರುದಿನ ಬೆಳಿಗ್ಗೆ ಏಣಿಯನ್ನು ಮರಕ್ಕೊರಗಿಸುತ್ತಿದ್ದೆ. ಅಷ್ಟರಲ್ಲಿ ಈರಣ್ಣ ಹಗ್ಗ, ಕೈಗರಗಸಗಳೊಡನೆ ಪ್ರತ್ಯಕ್ಷನಾದ. ಕೊಂಬೆಗೆ ಹಗ್ಗ ಬಿಗಿದು, ನನ್ನ ಚಹಾ ಆರುವುದರೊಳಗೆ ಅದನ್ನು ಮೆಲ್ಲಗೆ ಇಳಿಸಿಬಿಟ್ಟ.

"ಎರಡು ತಿಂಗಳಿಂದ ಅಕ್ಕಂದು ಒಂದೇ ಫೋನು, ಬಾವಾ. 'ಕೊಯ್ಲು ಮುಗಿದ ಕೂಡ್ಲೆ ಬಾರೋ, ಅಲ್ಲೀತನ ಇವರನ್ನ ತಾರೀಖಿನಾಗ ಕೂಡಿಸಿರ್ತೀನಿ' ಅಂತಿದ್ಲು" ಎಂದು ನಕ್ಕ.

ನಾನು ಗಂಗಮ್ಮನತ್ತ ತಿರುಗಿದೆ. "ಕೊಂಬಿ ಬಿದ್ರ ನಾ ಓಡೇನು," ಎಂದಳು ಅವಳು. "ನೀವು ಆ ಮಿಷಿನ್ನು ಹಿಡಕೊಂಡು ಏಣಿ ಮ್ಯಾಲ ನಿಂತ್ರ ನಾ ಎಲ್ಲಿಗೆ ಓಡ್ಲಿ?"

ಏಣಿಯನ್ನು ನಾನೇ ಹೊತ್ತುಕೊಂಡು ಹೋಗಿ ಗೋಡೆಗೊರಗಿಸಿದೆ.

ಇಳಿಸಿದ ಕೊಂಬೆಯನ್ನು ನೆಲದ ಮೇಲೆ ತುಂಡರಿಸಲು ಮಾತ್ರ ಅಪ್ಪಣೆಯಾಯಿತು. ಕನ್ನಡಕ, ಕೈಗವಸು, ಬೂಟು ಧರಿಸಿ ನಿಂತೆ. ಗಂಗಮ್ಮ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಳು. ಗರಗಸ ಕೊಂಬೆಯಲ್ಲಿ ಅರ್ಧ ಇಳಿದಿತ್ತು. "ಸಾಕು, ಆತು ಬಿಡ್ರಿ" ಎಂದು ಆರಿಸಿಯೇಬಿಟ್ಟಳು. ಉಳಿದರ್ಧವನ್ನು ಈರಣ್ಣ ಕಾಲಿನಿಂದ ಮುರಿದ.

ಈಗ ಮನೆಗೆ ಯಾವ ಗರಗಸ ಸುರಕ್ಷಿತವೆಂದು ಓಣಿಯವರು ನನ್ನನ್ನೇ ಕೇಳಲು ಬರುತ್ತಾರೆ. ಆಧಾರಸಹಿತವಾಗಿ ಒಂದು ತಾಸು ವಿವರಿಸುತ್ತೇನೆ. ನೀವೆಷ್ಟು ಕೊಯ್ದಿದ್ದೀರಿ ಎಂದು ಈವರೆಗೆ ಒಬ್ಬರೂ ಪ್ರಶ್ನಿಸಿಲ್ಲ. ಮೂಲ ಆಕರವನ್ನು ಪರೀಕ್ಷಿಸುವ ಶಿಸ್ತು ನಮ್ಮ ಓಣಿಗೆ ಇನ್ನೂ ಹಬ್ಬದಿರುವುದು ಒಳ್ಳೆಯದೇ ಆಯಿತು.