ಬಸುವಿಗೆ ಬರೆದ ಮರ್ಯಾದೆಯ ಪತ್ರ

ಮರ್ಯಾದೆಯಿಂದ ಬರೆಯುವುದೂ ಅಪಾಯಕಾರಿ ಎಂದು ನನಗೆ ಗೊತ್ತಾದದ್ದು ವಡೋದರಾದಲ್ಲಿ. ಆಗ ನಾನು ಮಂಜಲ್‌ಪುರದ ಬಾಡಿಗೆ ಕೋಣೆಯಲ್ಲಿದ್ದೆ. ಸಂಜೆ ಸೈಬರ್ ಕೆಫೆಯಲ್ಲಿ ಕೂತು ಎರಡು ಇ-ಮೇಲ್ ಬಳಗಗಳನ್ನು ಸಂಭಾಳಿಸುತ್ತಿದ್ದೆ. ಒಂದು ಅಲ್ಲಿನ ಕನ್ನಡ ಸಂಘದ್ದು. ಅದರಲ್ಲಿ ಹಿರಿಯರೇ ಹೆಚ್ಚು. ಚಿತ್ರಾನ್ನಕ್ಕೆ ಎಷ್ಟು ಜನ ಬರುತ್ತೀರಿ ಎಂದು ಕೇಳುವುದಕ್ಕೂ 'ಮಾನ್ಯರೇ, ತಮ್ಮ ಘನ ಉಪಸ್ಥಿತಿಯನ್ನು ಕೋರಿ' ಎಂದೇ ಶುರುಮಾಡಬೇಕು. ಇನ್ನೊಂದು ದಾವಣಗೆರೆಯ ಹಾಸ್ಟೆಲ್ ಗೆಳೆಯರದು. ಅಲ್ಲಿ ಕತ್ತೆ, ಕೋಣ ಎನ್ನದೆ ಯಾರೂ ಯಾರನ್ನೂ ಕರೆದವರಲ್ಲ. ಎರಡರಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟುತ್ತಿದ್ದೆವು ಎಂಬುದೊಂದೇ ಸಾಮ್ಯ. ನಾನೋ, ಕಳಿಸುವ ಮುನ್ನ ಇದು ಯಾವ ಬಳಗ ಎಂದು ಮೂರು ಸಲ ನೋಡಿಕೊಳ್ಳುವ ಪುಕ್ಕಲ.

ಹಾಸ್ಟೆಲ್ ಬಳಗದ ಬಸು ಸೂರತ್ತಿನ ಕತಾರ್‌ಗಾಮ್‌ನಲ್ಲಿ ಬಟ್ಟೆ ಕಾರ್ಖಾನೆಯ ಸೂಪರ್‌ವೈಸರ್. ಒಮ್ಮೆ, ತಾನು ನೋಡಿ ಬಂದ ಹುಡುಗಿ ಒಪ್ಪಲಿಲ್ಲ ಎಂದು ಬರೆದ. "ಹುಡುಗಿಯ ಕಣ್ಣು ಚೆನ್ನಾಗಿದೆ ಅಂತಾಯ್ತು ಬಿಡೋ, ಕೋಣ" ಎಂದು ನಾನು ಬರೆದೆ. ಎಲ್ಲರೂ ನಕ್ಕರು. ಬಸು ಮಾತ್ರ ಮೂರು ವಾರ ನನಗೆ ಒಂದು ಬೈಗುಳವನ್ನೂ ಕಳಿಸಲಿಲ್ಲ. ನನಗೆ ಊಟ ಸೇರದಾಯಿತು. ಅಷ್ಟು ವರ್ಷಗಳ ಗೆಳೆತನವನ್ನು ಒಂದೇ ಸಾಲಿನಲ್ಲಿ ಕಳೆದುಕೊಂಡೆನೇನೋ ಎಂಬ ಭಯ. ಕ್ಷಮೆ ಕೇಳೋಣವೆಂದರೆ ಆ ಬಳಗದಲ್ಲಿ ಯಾರೂ ಕೇಳಿದ್ದೇ ಇಲ್ಲ. ಮಾದರಿ ಎಲ್ಲಿಂದ ತರಲಿ? ಕೊನೆಗೆ ಸಂಘದ ಶೈಲಿಯನ್ನೇ ಎರವಲು ತಂದೆ. 'ಪ್ರಿಯ ಬಸವರಾಜ ಅವರೇ, ನನ್ನಿಂದ ತಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ ದಯವಿಟ್ಟು ಮನ್ನಿಸಬೇಕು. ತಮ್ಮ ಸ್ನೇಹವನ್ನು ಸದಾ ನೆನೆಯುವೆ' ಎಂದು ಬರೆದು ಕಳಿಸಿದೆ.

ಮರುದಿನ ಭಾನುವಾರ. ಮನೆಯೊಡತಿ ಕಾಂತಾಬೆನ್ ಬಾಗಿಲು ತಟ್ಟಿ, "ತುಮ್ಹಾರಾ ದೋಸ್ತ್ ಆಯಾ ಹೈ, ಪೆಹಲೇ ಪಾನಿ ಪಿಲಾವೋ" ಎಂದು, ಬಂದ ಗೆಳೆಯನಿಗೆ ಮೊದಲು ನೀರು ಕುಡಿಸಲು ಹೇಳಿದರು. ಹಿಂದೆಯೇ ಏದುಸಿರು ಬಿಡುತ್ತಾ ಬಸು.

"ಏನಾಗೇತ್ಲೇ ನಿನಗ? ಸಾಯಾವ್ರು ಬರದಂಗ ಬರದೀಯಲ್ಲೋ! ಓದಿದವ್ನ ಸಿಕ್ಕ ಟ್ರೇನ್ ಹತ್ತೇನಿ."

ಏನೂ ಆಗಿಲ್ಲ ಎಂದೆ. ಹಾಗಾದರೆ ಸುಮ್ಮಸುಮ್ಮನೆ ಓಡಿಸಿದೆಯಾ ಎಂದು ಮನಸಾರೆ ಬೈದ. ಮೂರು ವಾರದಿಂದ ಕಾದಿದ್ದ ಬೈಗುಳ ಅದು. ನನ್ನ ಕಣ್ಣು ತುಂಬಿ ಬಂತು. ಅದನ್ನು ನೋಡಿ ಅವನ ಗಾಬರಿ ಇನ್ನಷ್ಟು ಹೆಚ್ಚಾಯಿತು.

ಸಂಜೆ ಸ್ಟೇಷನ್ನಿನಲ್ಲಿ ಧೈರ್ಯ ಮಾಡಿ, "ಆ ಹುಡುಗಿ ವಿಷಯದಲ್ಲಿ ನಾನು ಹಾಗೆ ಬರೀಬಾರದಿತ್ತು ಕಣೋ, ತಪ್ಪಾಯ್ತು" ಎಂದೆ.

ಬಸು ನೆಲ ನೋಡುತ್ತಾ, "ಆವತ್ತ ಖರೇನ ಭಾಳ ಕೆಟ್ಟ ಅನಿಸ್ತಲೇ" ಎಂದ. ರೈಲು ಬಂತು. ಹತ್ತುವ ಮುನ್ನ ಅವನು ನನ್ನ ಹಣೆ ಮುಟ್ಟಿ ನೋಡಿ, ಮೆಲ್ಲಗೆ ಕೇಳಿದ: "ಈಗರ ಖರೇ ಹೇಳು, ಡಾಕ್ಟರ್ ಏನಂದ್ರು?"

ಕೋಣೆಗೆ ಬಂದವನೇ, ಯಾವುದಕ್ಕೂ ಇರಲಿ ಎಂದು, ಕನ್ನಡಿಯ ಮುಂದೆ ನಿಂತು ನಾಲಿಗೆ ಹೊರಚಾಚಿ ನೋಡಿಕೊಂಡೆ.