ಓಣಿಯ ಗಡಿಯಾರಕ್ಕೆ ನಿದ್ದೆ ಬಂತು

ಎಂಬತ್ಮೂರನೇ ಇಸವಿಯ ಮಾತು. ಕುಡಚಿ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಧೂಳಪ್ಪನಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಇದರಿಂದ ಕಷ್ಟ ಅವನೊಬ್ಬನಿಗೆ. ಉಳಿದವರಿಗೆಲ್ಲ ಅನುಕೂಲವೇ ಆಗಿತ್ತು. ಮಿರಜಿನ ನಸುಕಿನ ಗಾಡಿ ಹಿಡಿಯಬೇಕಾದವರು ಹಿಂದಿನ ಸಂಜೆ ಅವನ ಕಟ್ಟೆಗೆ ಬಂದು, "ಕಾಕಾ, ನಾಳೆ ಒಂದೀಟ ಎಬ್ಬಸ್ರಿ" ಅಂದರೆ ಮುಗಿಯಿತು. ಹೇಗೂ ಎಚ್ಚರಿದ್ದವನು, ಕೋಲು ಹಿಡಿದು ಹೋಗಿ ಬಾಗಿಲು ಬಾಗಿಲು ಬಡಿಯುತ್ತಿದ್ದ. ಓಣಿಯೇನು ಉಪಕಾರ ಮರೆಯುವಂಥದ್ದಲ್ಲ. ಬದನೆಕಾಯಿ, ಮಜ್ಜಿಗೆ, ಶೇಂಗಾ ಚಟ್ನಿ ಅವನ ಮನೆಗೆ ತಪ್ಪದೆ ಬರುತ್ತಿದ್ದವು. ಆದರೆ ಚಟ್ನಿ ತಿಂದರೆ ಕಣ್ಣು ಮುಚ್ಚುತ್ತವೆಯೇ?

ಕೊನೆಗೆ ಅಥಣಿ ಸಂತೆಯಲ್ಲಿ ಬೇರು-ನಾರು ಮಾರುವವನೊಬ್ಬ ಅಶ್ವಗಂಧ, ಬ್ರಾಹ್ಮಿ, ಜಟಾಮಾಂಸಿ ಕುಟ್ಟಿದ ಪುಡಿ ಕಟ್ಟಿಕೊಟ್ಟ. "ಬಿಸಿ ಹಾಲಾಗ ಕುಡೀರಿ. ತಲಿಮ್ಯಾಲ ರೈಲ ಹಾದ್ರೂ ಎಚ್ಚರಾಗಂಗಿಲ್ಲ!" ಎಂದ. ಧೂಳಪ್ಪ ಪೊಟ್ಟಣ ತಂದು ಹೆಂಡತಿ ತುಳಸವ್ವನ ಕೈಗೆ ಕೊಟ್ಟ. ರಾತ್ರಿ ಅವಳು ಮನೆಯ ಎಮ್ಮೆ ಕರೆದು ತಂದ ಹಾಲನ್ನು ಗಟಗಟ ಕುಡಿದು ಗೋಡೆ ಕಡೆ ಹೊರಳಿದ, ಅಷ್ಟೇ ಗೊತ್ತು.

ಎಚ್ಚರವಾದಾಗ ಬಿಸಿಲು ಒಲೆಯವರೆಗೆ ಬಂದಿತ್ತು. ಧೂಳಪ್ಪನ ಕಣ್ಣಲ್ಲಿ ನೀರೇ ಬಂತು. "ಯಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದು ಅಥಣಿಯ ದಿಕ್ಕಿಗೆ ಕೈಮುಗಿದ. ಬಾಗಿಲು ತೆರೆದರೆ ಹೊಸ್ತಿಲಿಗೆ ಅಡ್ಡವಾಗಿ ತುಳಸವ್ವ ಕಾವಲು ಕೂತಿದ್ದಳು. ಕಟ್ಟೆಯ ಮೇಲೆ ಇಡೀ ಓಣಿ ಕೂತಿತ್ತು.

"ಏ ಧೂಳಪ್ಪಾ, ಸತ್ತೀಯೋ ಬದುಕೀಯೋ?" ಕಾಯಿಪಲ್ಲೆ ಮಾರುವ ಮುದುಕಿ ಅಕ್ಕುತಾಯಿ ಕೂಗಿದಳು. "ಗಾಡಿ ಹೋತು, ನನ್ನ ಬದನಿಕಾಯಿ ಬುಟ್ಟ್ಯಾಗ ಬಾಡಾಕತ್ತಾವ!"

ಸ್ಟೇಶನ್ನಿನಲ್ಲಿ ಚಹಾ ಮಾರುವ ಭರಮು ಅಂದು ಒಲೆಯನ್ನೇ ಹೊತ್ತಿಸಿರಲಿಲ್ಲ. ಗಾಡಿಯ ಜನವೆಲ್ಲ ಅವನಿಗೆ ಬೈಯುತ್ತ ಹೋದರಂತೆ. ಗಂಜಿ ಹಾಕಿದ ಧೋತರ, ಹೊಸ ಟೊಪ್ಪಿಗೆಯಲ್ಲಿ ನಿಂತಿದ್ದ ಅಣ್ಣಾಸಾಬನ ಮುಖವನ್ನಂತೂ ನೋಡಲಾಗುತ್ತಿರಲಿಲ್ಲ.

"ಕಾಕಾ, ನಲವತ್ತ ವರ್ಷಕ್ಕ ಒಬ್ರು ಕನ್ಯಾ ತೋರಸ್ತೀವಿ ಅಂದಿದ್ರು. ಮಿರಜದಾಗ ಅವರು ನನ್ನ ಹಾದಿ ನೋಡಾಕತ್ತಾರ, ನಾ ಇಲ್ಲಿ ನಿಮ್ಮ ಗೊರಕಿ ಕೇಳಾಕತ್ತೀನಿ! ನಾಳೆ ಹೋಗಿ ಕೈಕಾಲ ಹಿಡಿತೀನಿ. ನಾಳೆನೂ ತಪ್ಪಿದ್ರ ನನ್ನ ಮದವಿ ಮುಗೀತ್ರಿ."

ಧೂಳಪ್ಪ ಅಥಣಿಯ ಪುಡಿ ಕುಡಿದ ಸಂಗತಿ ಹೇಳಿದ. "ಎಲ್ಲಾ ಆ ಪುಡಿದ ಕೆಲಸ. ತರ್ರಿ ಅದನ್ನ, ಹೊಳಿಗೆ ಚೆಲ್ಲತೀನಿ!" ಎಂದ ಭರಮು.

ತುಳಸವ್ವ ಒಳಗೆ ಹೋಗಿ ಗೋಡೆಯ ಮಾಡದಿಂದ ಪೊಟ್ಟಣ ತಂದಳು. ಸುತ್ತಿದ ದಾರ ಸುತ್ತಿದಂತೆಯೇ ಇತ್ತು. "ಕಟ್ಟ ಸೈತ ಬಿಚ್ಚಿಲ್ಲ ತಗೋ. ಯಾವ ಬೇರೋ ಏನೋ, ನನಗ ಹೆದರಿಕಿ ಬಂತು. ಅರಿಷಿಣ ಹಾಕಿ ಬರೇ ಹಾಲ ಕೊಟ್ಟೀನಿ."

ಧೂಳಪ್ಪ ಪೆಚ್ಚಾದ. "ಹಂಗಾರ ನಾ ಅಥಣಿಗೆ ಕೈಮುಗದದ್ದ?"

"ನಿಮ್ಮ ಎಮ್ಮಿಗೆ ಮುಗೀರಿ," ಎಂದಳು ತುಳಸವ್ವ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಿಟ್ಟು ಇಳಿಯಿತು. ಅಕ್ಕುತಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರೇ ಹಾಲಿಗೆ ಹಿಂಗ ಬಿದ್ದಾನಂದ್ರ ಎಷ್ಟ ದಣದಿರಬೇಕ ಈ ಜೀವ! ನಾವೆಲ್ಲಾ ಇವನ ನಿದ್ದಿ ಮ್ಯಾಲ ಬದುಕೀವಿ. ಏನರೆ ಮಾಡ್ರಪಾ."

ಸಂಜೆಗೆ ಓಣಿಯವರೆಲ್ಲ ಸೇರಿ ಪೇಟೆಯಿಂದ ಹೇಳಿದ ಹೊತ್ತಿಗೆ ಗಂಟೆ ಬಾರಿಸುವ ಅಲಾರಂ ಗಡಿಯಾರ ತಂದರು. ಅದಕ್ಕೆ ಮಾಲೆ ಹಾಕಿ ಧೂಳಪ್ಪನ ತಲೆದಿಂಬಿನ ಪಕ್ಕ ಇಟ್ಟರು. ಅಣ್ಣಾಸಾಬ ತಾನೇ ಕೀಲಿ ಕೊಟ್ಟ. "ಇನ್ನ ಆರಾಮ ಮಲ್ಕೋರಿ ಕಾಕಾ. ಇದು ನಿಮ್ಮನ್ನ ಎಬ್ಬಸ್ತೈತಿ, ನೀವು ನಮ್ಮನ್ನ ಎಬ್ಬಸ್ರಿ."

ಧೂಳಪ್ಪ ಗಡಿಯಾರದ ಮಾಲೆಯನ್ನು ಮೆಲ್ಲಗೆ ಸರಿಪಡಿಸಿದ. ಇಷ್ಟು ಪ್ರೀತಿ ಯಾರಿಗುಂಟು!

ಉಂಡ ಮೇಲೆ ತಾನೇ ಪೊಟ್ಟಣ ಬಿಚ್ಚಿ ಪುಡಿಯನ್ನು ಹಾಲಿಗೆ ಹಾಕಿಕೊಂಡ. ತುಳಸವ್ವ ಲೋಟ ಕಸಿದುಕೊಂಡಳು. "ಮೊದಲ ನಾ ಕುಡದ ನೋಡತೀನಿ. ನನಗೇನೂ ಆಗಲಿಲ್ಲಂದ್ರ ನಾಳೆ ನೀವು ಕುಡೀರಿ."

ಕುಡಿದು ಲೋಟ ಕೆಳಗಿಟ್ಟಳೋ ಇಲ್ಲವೋ, ಗೊರಕೆ ಶುರುವಾಯಿತು. ಪುಡಿಗೆ ಗುಣವಿತ್ತು, ಅದರಲ್ಲಿ ಸಂಶಯವಿಲ್ಲ. ಇತ್ತ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೊಸದು, ಬಾರಿಸದಿದ್ದರೆ? ಅಣ್ಣಾಸಾಬನ ಮದುವೆ ಅದರ ಕೀಲಿಯಲ್ಲಿತ್ತು. ಧೂಳಪ್ಪ ಎದ್ದು ಕೂತು ಅದನ್ನೇ ಕಾಯತೊಡಗಿದ. ಮುಳ್ಳು ಬಾರಿಸುವ ಹೊತ್ತಿಗೆ ಹತ್ತಿರ ಬಂದಾಗ ಇನ್ನೊಂದು ಚಿಂತೆ ಹತ್ತಿತು: ಬಾರಿಸಿದರೆ ತುಳಸವ್ವ ಎದ್ದಾಳು. ನನ್ನ ನಿದ್ದೆಗೆ ಕಾವಲು ಕೂತ ಪುಣ್ಯವಂತೆ, ಮಲಗಲಿ ಪಾಪ. ಬಾರಿಸುವ ಮೊದಲೇ ಅದರ ಗುಂಡಿ ಒತ್ತಿ, ಕೋಲು ಹಿಡಿದು ಹೊರಬಿದ್ದ.

ಹೊರಟ ಗಾಡಿಯ ಕಿಟಕಿಯಿಂದ ಅಣ್ಣಾಸಾಬ ಟೊಪ್ಪಿಗೆ ಬೀಸಿದ. "ಕಾಕಾ, ಗಡಿಯಾರ ಭಾಳ ಛಲೋ ಐತ್ರಿ!"

"ಹೌದಪಾ," ಧೂಳಪ್ಪ ಆಕಳಿಸಿದ. "ರಾತ್ರಿಯೆಲ್ಲಾ ಕಣ್ಣ ಮುಚ್ಚಿಲ್ಲ ಪಾಪ, ಅದು."